ಹೊಲದ ಬದುವಿಗೆ ಯಾವ ರೇಡಿಯೋ? ಒಂದೇ ಬ್ಯಾಂಡಿನ ಡಬ್ಬಿಯ ಪರವಾಗಿ

📻 ಭಾಗ 1/5

ಮೊದಲನೇ ಫೋಟೋದಾಗ ಕಾಣೋದು ಸಾಬೂನಿನ ಡಬ್ಬಿ ಅಲ್ರಿ, ರೇಡಿಯೋ. ಪಕ್ಕಕ್ಕಿರೋದು ಬ್ಯಾಟರಿ, ಕೆಳಗೆ ಸುತ್ತಿಟ್ಟಿರೋದು ತಂತಿ. ಎಲ್ಲಾ ಸೇರಿ ಊಟದ ಡಬ್ಬಿಯ ಚೀಲದಾಗ ಹಿಡಿತಾವು.

ಕಳೆದ ವಾರ ರಾಣೆಬೆನ್ನೂರಿನ ಡಿಪ್ಲೊಮಾ ಓದೋ ಹುಡುಗನೊಬ್ಬ ಮೆಸೇಜ್ ಹಾಕಿದ್ದ. "ಅಣ್ಣಾರ, ಹ್ಯಾಮ್ ಪರೀಕ್ಷೆ ಕಟ್ಟೀನಿ. ಮೋರ್ಸ್ ಕಲಿಯಾಕತ್ತೀನಿ. ಗುಡ್ಡಕ್ಕ, ಹೊಲಕ್ಕ ಒಯ್ಯಾಕ ಒಂದು ಸಣ್ಣ ರೇಡಿಯೋ ಹೇಳ್ರಿ. ಈ ಸಲ ಬ್ಯಾಡಗಿಯೊಳಗ ಮೆಣಸಿನಕಾಯಿಗೆ ಚಲೋ ರೇಟ್ ಬಂದೈತಿ, ಅಪ್ಪ ಸ್ವಲ್ಪ ಕೊಡ್ತೀನಿ ಅಂದಾರ." ಜೊತೆಗೆ ಒಂದು ದೊಡ್ಡ ರೇಡಿಯೋದ ಫೋಟೋ. ಬಣ್ಣದ ಪರದೆ, ಎಲ್ಲಾ ಬ್ಯಾಂಡು, ಎಲ್ಲಾ ಮೋಡು.

ಅವನಿಗೆ ಎರಡು ಸಾಲಲ್ಲಿ ಉತ್ತರ ಕೊಡಬಹುದಿತ್ತು. ಆದರೆ "ಅಪ್ಪ ಕೊಡ್ತಾರೆ" ಅಂದ ದುಡ್ಡು ಎಂಥಾದ್ದು ಅನ್ನೋದು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಜ, ಗೊಬ್ಬರ, ಬಿಡಿಸೋ ಕೂಲಿ, ಒಣಗಿಸೋ ಕಣ, ಮಾರ್ಕೆಟ್ಟಿನ ಬಾಡಿಗೆ ಎಲ್ಲಾ ಕಳೆದು ಉಳಿದದ್ದು ಅದು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಇದೇ ಪ್ರಶ್ನೆ ಇಟ್ಟುಕೊಂಡು ಕೂತವರು ಇನ್ನೂ ಇದ್ದೀರಿ ಅಂತ ಗೊತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಮೊದಲ ರೇಡಿಯೋ 7 ಮೆಗಾಹರ್ಟ್ಸಿನ ಒಂದೇ ಬ್ಯಾಂಡಿಂದು, ಮೋರ್ಸ್ ಮಾತ್ರದ್ದು, 5 ವಾಟಿನ ಒಳಗಿಂದು ಇರಲಿ. ಯಾಕೆ ಅನ್ನೋದು ಮುಂದೆ.

📻 ಭಾಗ 2/5

ಮೊದಲು ವಾಟಿನ ಭೂತ ಬಿಡಿಸೋಣ.

ಬ್ಯಾಡಗಿ ಮೆಣಸಿನಕಾಯಿ ಖಾರಕ್ಕೆ ಹೆಸರಾದದ್ದಲ್ಲ. ಖಾರ ಕಮ್ಮಿ, ಬಣ್ಣ ಜಾಸ್ತಿ, ಮೈಮೇಲೆ ಸುಕ್ಕು. 2011ರಲ್ಲಿ ಅದಕ್ಕೆ ಜಿಐ ಗುರುತು ಸಿಕ್ಕಿತು. ಖಾರ ಒಂದನ್ನೇ ಅಳೆದು ರೇಟ್ ಹೇಳೋನು ಆ ಮಾರ್ಕೆಟ್ಟಿನಲ್ಲಿ ಒಂದು ದಿನ ಉಳಿಯೋದಿಲ್ಲ. ರೇಡಿಯೋ ಕೊಳ್ಳುವಾಗ ಮಾತ್ರ ನಾವೆಲ್ಲ ಖಾರ ಎಷ್ಟು, ಅಂದರೆ ವಾಟ್ ಎಷ್ಟು ಅಂತಲೇ ಕೇಳ್ತೀವಿ.

ಲೆಕ್ಕ ನೋಡ್ರಿ. 100 ವಾಟಿನಿಂದ 5 ವಾಟಿಗೆ ಇಳಿದರೆ ವ್ಯತ್ಯಾಸ 13 ಡೆಸಿಬೆಲ್. ಆ ಕಡೆಯವರ ಮೀಟರಿನಲ್ಲಿ ಒಂದು ಎಸ್ ಗುರುತಿಗೆ 6 ಡೆಸಿಬೆಲ್. ಅಂದರೆ ಎಸ್ 9 ಇದ್ದದ್ದು ಎಸ್ 7ರ ಹತ್ತಿರ ಬರುತ್ತದೆ, ಅಷ್ಟೇ. ಇನ್ನೊಂದು ಕಡೆ ಮೋರ್ಸ್ ನಿಮಗೆ ವಾಪಸ್ ಕೊಡುವುದೂ ಐತಿ. ಮಾತಿನ ಸಿಗ್ನಲ್ಲಿಗೆ ಸುಮಾರು 2,500 ಹರ್ಟ್ಸ್ ಅಗಲದ ಕಿಟಕಿ ಬೇಕು, ಮೋರ್ಸಿಗೆ 250 ಸಾಕು. ಕಿಟಕಿ ಹತ್ತನೇ ಒಂದು ಭಾಗ ಆದರೆ ಒಳಗೆ ಬರುವ ಗದ್ದಲವೂ ಹತ್ತನೇ ಒಂದು ಭಾಗ: 10 ಡೆಸಿಬೆಲ್ ಲಾಭ. ಕಳಕೊಂಡದ್ದರಲ್ಲಿ ಹೆಚ್ಚಿನಪಾಲು ಹೀಗೇ ಕೈಗೆ ಬಂತು. ಉಳಿದದ್ದನ್ನು ತಂತಿ ಸಂಪಾದಿಸಿ ಕೊಡುತ್ತದೆ.

ಹಾಗಾದರೆ ನೋಡಬೇಕಾದ್ದು ಏನು? ಕೇಳುವಾಗ ಅದು ಎಷ್ಟು ಕರೆಂಟ್ ಕುಡೀತದೆ ಅನ್ನೋದು. ಇದನ್ನು ಯಾರೂ ಕೇಳೋದೇ ಇಲ್ಲ. ಗುಡ್ಡದ ಮೇಲೆ ನೀವು ನಾಲ್ಕು ತಾಸು ಕೂತರೆ ಮೂರು ತಾಸಿಗಿಂತ ಹೆಚ್ಚು ಬರೀ ಕೇಳ್ತಾ ಇರ್ತೀರಿ. ಮೂರು 18650 ಸೆಲ್ ಸಾಲಾಗಿ ಜೋಡಿಸಿದ ಬ್ಯಾಟರಿ 2.5 ಆಂಪಿಯರ್-ತಾಸಿನದು ಅಂದುಕೊಳ್ಳಿ. ಕೇಳೋಕೇ ಅರ್ಧ ಆಂಪ್ ತಿನ್ನುವ ರೇಡಿಯೋಕ್ಕೆ ಅದು ಐದು ತಾಸು. 60 ಮಿಲಿಆಂಪಿನದಕ್ಕೆ ನಲವತ್ತು ತಾಸು. ಒತ್ತುವಾಗ ಹೋಗುವ ಕರೆಂಟು ಬೇರೆ, ಆದರೆ ಮೋರ್ಸಿನಲ್ಲಿ ಕೀ ಒತ್ತಿದ ಹೊತ್ತು ಸುಮಾರು ಅರ್ಧ, ಬಿಟ್ಟ ಹೊತ್ತು ಅರ್ಧ.

ನಾನು ಈ ಲೆಕ್ಕ ಮಾಡದೇ ಮೊದಲ ರೇಡಿಯೋ ಕಂತಿನ ಮೇಲೆ ತಂದವನು. ಯಾವುದು ಅಂತ ಹೇಳೋದಿಲ್ಲ, ತಪ್ಪು ರೇಡಿಯೋದ್ದಲ್ಲ. ಮನೆಯ ಮೇಜಿನ ಮೇಲೆ ಚಲೋ ಇತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಲದಾಗ ಇಟ್ಟೆ: ಪರದೆ ಬಿಸಿಲಿಗೆ ಕಪ್ಪು ಹಲಗಿ ಆಯ್ತು, ಡಬ್ಬಿ ಹಂಚಿನಂಗ ಕಾದಿತು, ಅದನ್ನು ನಡೆಸೋ ಬ್ಯಾಟರಿ ಹೊತ್ತು ಭುಜ ನೋವು. ಎರಡೇ ಸಲ ಹೊರಗೆ ಹೋದದ್ದು. ಕಂತು ಮುಗಿಯೋ ಮುಂಚೆ ನಷ್ಟಕ್ಕೆ ಮಾರಿದೆ.

📻 ಭಾಗ 3/5

ಯಾವ್ಯಾವುದು ಐತಿ ಅಂತ ಕೇಳೋರಿಗೆ, ನನಗೆ ಕಂಡಂತೆ.

ಪಿಕ್ಸಿ ಕಿಟ್: ಕೆಲವು ನೂರು ರೂಪಾಯಿಯ ಆಟಿಕೆ. ಸಾಮಾನ್ಯವಾಗಿ 7.023ರ ಒಂದೇ ಕ್ರಿಸ್ಟಲ್, ಒಂದು ವಾಟೂ ಇಲ್ಲ. ಸೋಲ್ಡರ್ ಹಿಡಿಯೋದು ಕಲಿಯಾಕ ತಗೊಳ್ರಿ. ಅದರಲ್ಲಿ ಸಂಪರ್ಕ ಮಾಡ್ತೀನಿ ಅಂತ ಹೊರಟರೆ ಸಂಜೆ ಹೊತ್ತು ಪ್ರಸಾರ ಕೇಂದ್ರಗಳ ಹಾಡು, ಭಾಷಣ ಎಲ್ಲಾ ಒಟ್ಟಿಗೆ ಕೇಳಿ ಮೋರ್ಸ್ ಮೇಲೇ ಬೇಸರ ಬಂದೀತು. ಎಷ್ಟೋ ಮಂದಿ ಹವ್ಯಾಸ ಬಿಟ್ಟದ್ದು ಇಲ್ಲೇ ಅಂತ ನನ್ನ ಗುಮಾನಿ.

ಕ್ಯೂಸಿಎಕ್ಸ್-ಮಿನಿ: ಕ್ಯೂಆರ್‌ಪಿ ಲ್ಯಾಬ್ಸ್‌ನ ಕಿಟ್. ಫೋಟೋದಲ್ಲಿರೋದು ಇದೇ. 95 ಮಿಲಿಮೀಟರ್ ಉದ್ದ, 63 ಅಗಲ, 25 ದಪ್ಪ. ಒಂದೇ ಬ್ಯಾಂಡು, ಸುಮಾರು 5 ವಾಟು, 200 ಹರ್ಟ್ಸಿನ ಫಿಲ್ಟರು, ಒಳಗೇ ಕೀಯರು. ಹೊಂದಾಣಿಕೆ ಮಾಡಲಿಕ್ಕೆ ಬೇಕಾದ ಸಿಗ್ನಲ್ಲೂ ಒಳಗೇ ಹುಟ್ಟುತ್ತದೆ, ಹೊರಗಿನ ಉಪಕರಣ ಬೇಡ. ಪ್ರಸಾರ ಮಾಡದೇ ಬರೀ ಒತ್ತಿ ಅಭ್ಯಾಸ ಮಾಡುವ ವ್ಯವಸ್ಥೆಯೂ ಐತಿ. ಲೈಸೆನ್ಸ್ ಇನ್ನೂ ಬರದವರಿಗೆ ಇದೇ ದೊಡ್ಡ ಉಪಕಾರ. ಟಿ1 ಅನ್ನೋ ಸಣ್ಣ ಉಂಗುರಕ್ಕೆ ನಾಲ್ಕು ಸುತ್ತು-ಗುಂಪು ತಂತಿ ಸುತ್ತುವಾಗ ದೇವರು ನೆನಪಾಗ್ತಾನೆ. ಹೊಸಬರು ಹೆಚ್ಚು ಎಡವೋದು ಅಲ್ಲೇ. ಎನಾಮೆಲ್ ಸರಿಯಾಗಿ ಸುಟ್ಟು ತೆಗೀರಿ, ಮುಕ್ಕಾಲು ಸಮಸ್ಯೆ ಅಲ್ಲಿಗೆ ಹೋಯ್ತು.

ಅದೇ ಮನೆಯ ಕ್ಯೂಎಂಎಕ್ಸ್: ಹಲವು ಬ್ಯಾಂಡು, ಡಿಜಿಟಲ್ ಮೋಡೂ ಉಂಟು. ಚಲೋ ಐತಿ, ಆದರೆ ಬಿಡಿಭಾಗ ಒತ್ತೊತ್ತಾಗಿವೆ. ಎರಡನೇ ಕಿಟ್ ಆಗಲಿ, ಮೊದಲನೇದು ಬ್ಯಾಡ.

ಎಲೆಕ್ರಾಫ್ಟ್ ಕೆಎಕ್ಸ್2: 80 ಮೀಟರಿನಿಂದ 10 ಮೀಟರ್ ತನಕ, 10 ವಾಟ್ ವರೆಗೆ, ತೂಕ ಅರ್ಧ ಕಿಲೋಗೂ ಕಮ್ಮಿ. ನನಗೂ ಆಸೆ ಐತಿ, ಸುಳ್ಳು ಯಾಕೆ ಹೇಳಲಿ. ಬೆಲೆ ಕೇಳಿದ ಮೇಲೆ ಆಸೆ ಮಡಚಿ ಕಿಸೆಗೆ ಹಾಕೊಂಡೆ.

ಯಾಸು ಎಫ್‌ಟಿ-817, 818: ಕಿಲೋ ಆಸುಪಾಸು ತೂಕ, ಕಂಪನಿ ತಯಾರಿಕೆ ನಿಲ್ಲಿಸಿದೆ, ಸೆಕೆಂಡ್‌ಹ್ಯಾಂಡ್ ಓಡಾಡ್ತಿರ್ತಾವು. ಗಟ್ಟಿ ಎತ್ತು. ಆದರೆ ಮೇವು ಜಾಸ್ತಿ, ಕೇಳುವಾಗಲೂ ಅರ್ಧ ಆಂಪಿನ ಹತ್ತಿರ.

ಬಿಟೆಕ್ಸ್ ಕುಟುಂಬ: ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ವಿನ್ಯಾಸ, ನಮ್ಮ ದೇಶದ್ದು ಅಂತ ಹೇಳಿಕೊಳ್ಳಲಿಕ್ಕೆ ಹೆಮ್ಮೆ. ಮಾತೂ ಆಡಬೇಕು, ಒಳಗೆ ಕೈ ಹಾಕಿ ತಿದ್ದಲೂಬೇಕು ಅನ್ನೋರು ಇದರ ಮೈಕ್ರೋಬಿಟೆಕ್ಸ್ ನೋಡ್ರಿ. ಬರೀ ಮೋರ್ಸಿಗೆ, ಬರೀ ಹೊಲಕ್ಕೆ ಅಂದರೆ ನಾನು ಅದನ್ನು ಮೊದಲು ಹೇಳೋದಿಲ್ಲ.

ಹೊರದೇಶದಿಂದ ತರಿಸುವಾಗ ಸುಂಕ ಎಷ್ಟು, ಯಾವ ಕಾಗದ ಬೇಕು ಅಂತ ಮೊದಲೇ ವಿಚಾರಿಸಿ. ಪಾರ್ಸೆಲ್ ಬಂದು ನಿಂತ ಮೇಲೆ ಓಡಾಡೋದಲ್ಲ.

📻 ಭಾಗ 4/5

ಒಂದೇ ಬ್ಯಾಂಡು ಸರಿ, 7 ಯಾಕೆ? ಹಗಲು ಹೊತ್ತು ಕೆಳಗೆ ಕಟ್ಟಿದ ತಂತಿಯಿಂದ ಸಿಗ್ನಲ್ಲು ನೆಟ್ಟಗೆ ಮೇಲಕ್ಕೆ ಹೋಗಿ ಮಳೆಯಂಗೆ ಸುತ್ತಲೂ ಇಳೀತದೆ. ಹಾವೇರಿಯಲ್ಲಿ ಕೂತರೆ ಪಕ್ಕದ ತಾಲೂಕೂ ಸಿಗುತ್ತದೆ, ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರೂ ಸಿಗುತ್ತದೆ. ನಡುವೆ ಗುಡ್ಡ ಇದ್ದರೂ ಲೆಕ್ಕಕ್ಕಿಲ್ಲ. ರಾತ್ರಿ ಸರಿದಂತೆ ಹತ್ತಿರದವರು ಮಾಯ, ದೂರದವರು ಹಾಜರ್. ಕೈಯಲ್ಲಿ ಹಿಡಿಯೋ ಅಗ್ಗದ ವಿಎಚ್‌ಎಫ್ ಸೆಟ್ಟಿಗೆ ರಿಪೀಟರ್ ಇಲ್ಲದೆ ಇದು ಆಗದ ಕೆಲಸ.

ತಂತಿಯ ಲೆಕ್ಕ ಸರಳ. 143ನ್ನು 7.03ರಿಂದ ಭಾಗಿಸಿ: 20 ಮೀಟರ್ 34 ಸೆಂಟಿಮೀಟರ್. ನಡುವೆ ಕತ್ತರಿಸಿ ಎರಡು ತೋಳು. ದಾರಕ್ಕೆ ಕಲ್ಲು ಕಟ್ಟಿ ಬೇವಿನ ಟೊಂಗೆಗೆ ಎಸೆದು ನಡುವನ್ನು ಎಳೆದುಕೊಳ್ಳಿ, ತುದಿಗಳು ಕೆಳಗಿಳಿದರೂ ನಡೀತದೆ. ವಿದ್ಯುತ್ ತಂತಿ ಹಾದಿರೋ ಕಡೆ ಎಸೆಯಲೇಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ಹೆಡ್‌ಫೋನಿನೊಳಗೆ ಚಟಪಟ ಜೋರಾಯ್ತು ಅಂದರೆ ಮೋಡ ಕಣ್ಣಿಗೆ ಬೀಳೋ ಮುಂಚೆಯೇ ಗುಡುಗು ಬರ್ತಿದೆ ಅಂತ ಅರ್ಥ. ತಂತಿ ಬಿಚ್ಚಿ ಇಳಿದುಬಿಡಿ. ಇಷ್ಟು ದೂರ ಬಂದೀವಿ ಇನ್ನೊಂದು ಸಂಪರ್ಕ ಮಾಡೋಣ ಅನ್ನೋ ಚಪಲ ಬ್ಯಾಡ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ತಂತಿ ಕಟ್ಟೋದೂ ಬ್ಯಾಡ. ಹೊರಗೆ ಬೇಕಾದಷ್ಟು ಬಯಲು ಐತಿ.

ಹೊರಗೆ ಹೋಗೋದೇ ಯಾಕೆ ಅಂತೀರಾ? ಊರೊಳಗೆ ಎಲ್ಇಡಿ ಬಲ್ಬು, ಇನ್ವರ್ಟರು, ಚಾರ್ಜರು ಎಲ್ಲಾ ಸೇರಿ 7 ಮೆಗಾಹರ್ಟ್ಸನ್ನು ಹಿಟ್ಟಿನ ಗಿರಣಿ ಮಾಡಿಟ್ಟಾವು. ಎಲ್ಲರೂ ಬೈಯೋ ಹೊತ್ತಿನಲ್ಲಿ, ಅಂದರೆ ಕರೆಂಟ್ ಹೋದಾಗ, ನನ್ನ ಮುಖ ಒಂದು ಅರಳ್ತದೆ. ಹೊಲದಲ್ಲಿ ಆ ಮೌನ ಪುಕ್ಕಟೆ.

ದೇವರಗುಡ್ಡದ ಕಾರಣಿಕ ನೋಡಿದವರಿಗೆ ಗೊತ್ತು. ದಸರೆಯಲ್ಲಿ ಗೊರವಯ್ಯ ಬಿಲ್ಲು ಏರಿ ಮೊದಲು ಕೂಗೋದು "ಸದ್ದಲೇ". ಅಷ್ಟು ಸಾವಿರ ಮಂದಿ ಒಮ್ಮೆಲೇ ಗಪ್. ಆಮೇಲೆ ಒಂದೇ ಸಾಲು, ಅಷ್ಟರಲ್ಲೇ ಎಲ್ಲಾ. ಕೀ ಮೇಲೆ ಬೆರಳಿಡುವ ಮೊದಲು ನನಗೆ ಪ್ರತಿ ಸಲ ಅದು ನೆನಪಾಗುತ್ತದೆ. ಸದ್ದು ಅಡಗದೆ 5 ವಾಟು ಯಾರಿಗೂ ಕೇಳೋದಿಲ್ಲ, ನಿಮಗೂ ಯಾರೂ ಕೇಳೋದಿಲ್ಲ.

📻 ಭಾಗ 5/5

ನನ್ನ ಮಾತಿಗೆ ಎದುರು ಮಾತೂ ಐತಿ, ಮುಚ್ಚಿಡೋದಿಲ್ಲ.

ನಮ್ಮ ಕಡೆಯ ಹ್ಯಾಮ್‌ಗಳಲ್ಲಿ ಹೆಚ್ಚಿನವರು ಮಾತಿನಲ್ಲೇ ಸಿಗೋದು. ಮೋರ್ಸ್ ಮಾತ್ರದ ರೇಡಿಯೋ ಹಿಡಿದು ಕೂತರೆ ಅವರ ಬೆಳಗಿನ ಹರಟೆಯಲ್ಲಿ ನೀವಿಲ್ಲ. ಎಷ್ಟೋ ದಿನ ಕರೆದು ಕರೆದು ಒಬ್ಬರೂ ಉತ್ತರ ಕೊಡದೆ ಬುತ್ತಿ ಉಂಡು ಬಂದದ್ದುಂಟು. ಅಂಥ ದಿನ ರಿವರ್ಸ್ ಬೀಕನ್ ನೆಟ್‌ವರ್ಕ್ ತೆಗೆದು ನೋಡ್ತೀನಿ. ಅಲ್ಲಲ್ಲಿ ಕೂತ ಸ್ವಯಂಚಾಲಿತ ರಿಸೀವರುಗಳು ತಾವು ಕೇಳಿದ ಕರೆಸಂಕೇತಗಳನ್ನು ಬರೆದಿಡ್ತಾವು. ಯಾರೂ ಮಾತಾಡದಿದ್ದರೂ ಸಿಗ್ನಲ್ ಎಲ್ಲಿ ತನಕ ಹೋಗಿತ್ತು ಅನ್ನೋದು ಗೊತ್ತಾಗುತ್ತದೆ.

"ಹಂಗಾದರೆ ಎಲ್ಲಾ ಮಾಡೋ ರೇಡಿಯೋನೇ ತಗೊಂಡರಾಯ್ತಲ್ಲ, ಮೋರ್ಸೂ ಅದರಾಗ ಇರ್ತದಲ್ಲ?" ಇರ್ತದೆ. ಆದರೆ ಮೈಕು ಪಕ್ಕದಲ್ಲೇ ಇದ್ದಾಗ ಕೀ ಮುಟ್ಟಿದವರನ್ನು ನಾನು ಕಂಡದ್ದು ಕಮ್ಮಿ, ನನ್ನನ್ನೂ ಸೇರಿಸಿ. ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಪರೀಕ್ಷೆ ಇಲ್ಲ, ಜನರಲ್ ಗ್ರೇಡಿಗೆ ನಾವು ಕೂತಾಗ ನಿಮಿಷಕ್ಕೆ 8 ಪದ ಕೇಳಿದ್ದರು. 8 ಪದ ಅಂದರೆ 40 ಅಕ್ಷರ, ಒಂದೂವರೆ ಸೆಕೆಂಡಿಗೆ ಒಂದು. ಕಷ್ಟವಲ್ಲ, ಆದರೆ ದಿನಾ ಕಿವಿಗೆ ಬೀಳಬೇಕು. ಬೇರೆ ಏನೂ ಮಾಡಲಾಗದ ಡಬ್ಬಿ ಕೈಯಲ್ಲಿದ್ದರೆ ಬೀಳುತ್ತದೆ. 2013ರ ಜುಲೈನಲ್ಲಿ ದೇಶದ ಟೆಲಿಗ್ರಾಂ ಸೇವೆಯೇ ಮುಚ್ಚಿತು, ಈಗ ಈ ಭಾಷೆ ಕಲಿಯಲೇಬೇಕಾದ ಕೆಲಸ ಯಾವುದೂ ನಮ್ಮೂರಲ್ಲಿ ಉಳಿದಿಲ್ಲ. ಇಷ್ಟಪಟ್ಟು ಕಲಿಯೋರಿಗೆ ಮಾತ್ರ ಐತಿ.

ಇಷ್ಟೆಲ್ಲಾ ಆ ಹುಡುಗನಿಗೂ ಬರೆದೆ. ಕಿಟ್ಟು, ಸೆಲ್ಲು, ತಂತಿ, ಒಂದು ಸಣ್ಣ ಪ್ಯಾಡಲ್, ಹೆಡ್‌ಫೋನು. ಎಲ್ಲಾ ಕೂಡಿಸಿದರೂ ಅವನು ಕಳಿಸಿದ ಫೋಟೋದ ರೇಡಿಯೋಕ್ಕೆ ಆಗುವುದರಲ್ಲಿ ಸಣ್ಣ ಪಾಲು. ಉಳಿದದ್ದು ಅಪ್ಪನ ಹತ್ರಾನೇ ಇರಲಿ ಅಂದೆ. ಲೈಸೆನ್ಸ್ ಕೈಗೆ ಬರೋ ತನಕ ಅಭ್ಯಾಸದ ಮೋಡಿನಲ್ಲಿ ಮಾತ್ರ ಒತ್ತು ಅಂತಲೂ ಅಂದೆ.

ಅವನ ಉತ್ತರ: "ಟಿ1 ಸುತ್ತಾಕ ಬರ್ತೀರೇನ್ರಿ ಅಣ್ಣಾರ?"

ಭಾನುವಾರ ಹೊಂಟೀನಿ. ಸೋಲ್ಡರಿಂಗ್ ಐರನ್ ನಂದು, ಚಹಾ ಅವರ ಮನೀದು. ಬರೋರಿದ್ದರೆ ಮೆಸೇಜ್ ಹಾಕ್ರಿ, ಭೂತಗನ್ನಡಿ ಇದ್ದರೆ ತಗೊಂಡು ಬರ್ರಿ.

#ಹ್ಯಾಮ್_ರೇಡಿಯೋ #ಮೋರ್ಸ್ #ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ