ಕಾರಣವಿಲ್ಲದ ಭಯವುಂಟೆ?

ಬೆಂಕಿಯಿಲ್ಲದೆ ಹೊಗೆಯಾಡದೆಂಬುದು ಹಿರಿಯರ ಮಾತು. ಆದರೆ ಬೆಂಕಿಯೇ ಕಾಣದೆ ಹೊಗೆ ಮಾತ್ರ ಕವಿದರೆ ಏನೆನ್ನೋಣ? ಎದುರಿಗೆ ಹುಲಿಯಿಲ್ಲ, ಹಾವಿಲ್ಲ. ಆದರೂ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತದೆ, ಉಸಿರು ಕಟ್ಟುತ್ತದೆ, ಈಗಲೇ ಪ್ರಾಣ ಹೋಗುವುದೆನಿಸುತ್ತದೆ. ಈ ಗಾಬರಿ ಪದೇ ಪದೇ ಬಂದು, ಮತ್ತೆ ಬಂದೀತೆಂಬ ಅಂಜಿಕೆಯೂ ನೆಲೆಯೂರಿದರೆ ವೈದ್ಯರು ಅದನ್ನು ‘ಪ್ಯಾನಿಕ್ ಡಿಸಾರ್ಡರ್’ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು ಅದನ್ನು ಪ್ರತ್ಯೇಕ ವ್ಯಾಧಿಯೆಂದು ಎಣಿಸಿದ್ದು 1980ರಲ್ಲಿ.

ಹೆಸರು ಹೊಸದು, ವ್ಯಾಧಿ ಹಳೆಯದು. ವಿಯೆನ್ನಾದ ಫ್ರಾಯ್ಡನು 1895ರಲ್ಲಿಯೇ ಇದರ ಲಕ್ಷಣಗಳನ್ನು ವಿವರಿಸಿದ್ದನು. ತಣಿಯದ ಕಾಮಶಕ್ತಿಯೇ ಭಯವಾಗಿ ಮಾರ್ಪಡುವುದೆಂಬುದು ಆಗಿನ ಅವನ ಮತ. 1926ರಲ್ಲಿ ಅವನೇ ಅದನ್ನು ತಿದ್ದಿ, ಭಯವೆಂಬುದು ಮನಸ್ಸು ತನಗೆ ತಾನೇ ಬಾರಿಸಿಕೊಳ್ಳುವ ಎಚ್ಚರಿಕೆಯ ಗಂಟೆಯೆಂದನು. ತಾಯಿಯನ್ನು ಅಗಲುವೆನೆಂಬ, ಆಕೆಯ ಪ್ರೀತಿಯನ್ನು ಕಳೆದುಕೊಳ್ಳುವೆನೆಂಬ ಶೈಶವದ ಅಂಜಿಕೆಗಳು ಆ ಗಂಟೆಯ ಹಿಂದಿರುತ್ತವೆ.

ಈ ಜಾಡಿನಲ್ಲಿಯೇ ಬಾರ್ಬರಾ ಮಿಲ್ರಾಡ್ ಮೊದಲಾದವರು ಮುಂದುವರಿದಿದ್ದಾರೆ. ಯಾರನ್ನು ನೆಚ್ಚಿ ಬಾಳುತ್ತೇವೆಯೋ ಅವರ ಮೇಲೆಯೇ ಸಿಟ್ಟು ಬರುತ್ತದೆ; ಸಿಟ್ಟು ತೋರಿದರೆ ಅವರು ಕೈಬಿಟ್ಟಾರೆಂದು ದಿಗಿಲು; ಆದುದರಿಂದ ಮನಸ್ಸು ಆ ಸಿಟ್ಟನ್ನು ತನಗೇ ತಿಳಿಯದಂತೆ ಅದುಮುತ್ತದೆ. ಅದು ಮೇಲೇಳಲು ಹವಣಿಸಿದಾಗ ಗಾಬರಿ ಹುಟ್ಟುವುದೆಂದು ಇವರ ವಾದ. 2007ರಲ್ಲಿ ಪ್ರಕಟವಾದ ಇವರ ಪರೀಕ್ಷೆಯಲ್ಲಿ 49 ರೋಗಿಗಳಿದ್ದರು. ಹನ್ನೆರಡು ವಾರಗಳ ಈ ಬಗೆಯ ಮಾತುಕತೆಯಿಂದ ನೂರಕ್ಕೆ 73 ಮಂದಿ ಸುಧಾರಿಸಿದರೆ, ಮೈಸಡಿಲಿಸುವ ಅಭ್ಯಾಸ ಕಲಿತವರಲ್ಲಿ ಸುಧಾರಿಸಿದವರು 39 ಮಂದಿ.

ಪರೀಕ್ಷೆ ಚಿಕ್ಕದು, ಚಿಕಿತ್ಸೆ ಫಲಿಸಿತೆಂದ ಮಾತ್ರಕ್ಕೆ ಕಾರಣ ಸಿದ್ಧವಾಗಲಿಲ್ಲ. ಡೊನಾಲ್ಡ್ ಕ್ಲೈನ್ ಎಂಬ ವೈದ್ಯರು 1960ರ ದಶಕದಲ್ಲಿ ಇಮಿಪ್ರಮೀನ್ ಎಂಬ ಔಷಧದಿಂದಲೇ ಈ ಗಾಬರಿಯನ್ನು ತಡೆಯಬಹುದೆಂದು ತೋರಿಸಿದರು. ವಂಶಗುಣದ ಪಾಲೂ ಇದೆ. ಹಾಗಾದರೆ ಮನೋವಿಶ್ಲೇಷಣೆ ನಿರರ್ಥಕವೆ? ಅಲ್ಲವೆಂದು ನನ್ನ ಅಭಿಪ್ರಾಯ. ಔಷಧವು ಗಂಟೆಯನ್ನು ನಿಲ್ಲಿಸೀತು. ಅದು ಈಗಲೇ ಏಕೆ ಮೊಳಗಿತೆಂದು ಮನುಷ್ಯನನ್ನೇ ಕೇಳಬೇಕು.

ಮನೆಯವರ ಆಸೆಗಳನ್ನೆಲ್ಲ ಹೊತ್ತು ಹಾಸ್ಟೆಲಿಗೆ ಬಂದು, “ಈ ಓದು ನನಗೆ ಬೇಡ” ಎಂದು ತಂದೆಯೆದುರು ಬಾಯಿಬಿಡಲಾರದ ಹುಡುಗರು ನಮ್ಮ ನಡುವೆ ಇಲ್ಲವೆ? ಪರೀಕ್ಷೆಯ ಮುನ್ನಾದಿನ ಅಂಥವನ ಉಸಿರು ಕಟ್ಟಿದರೆ ನಾವು “ಪುಕ್ಕಲ” ಎಂದು ನಗುತ್ತೇವೆ. ಮೊದಲು ಅವನನ್ನು ವೈದ್ಯರಲ್ಲಿಗೆ ಕರೆದೊಯ್ಯೋಣ. ಬಳಿಕ ಪಕ್ಕದಲ್ಲಿ ಕುಳಿತು, “ಮನೆಯಿಂದ ಏನಾದರೂ ಕಾಗದ ಬಂತೇನೋ?” ಎಂದು ಕೇಳೋಣ.