ತೊರಕೆ ಸಾಕುವ ಮುನ್ನ ನೀರು ಸಾಕಿ

ಕಪ್ಪು ಮೈ, ಬಿಳಿ ಚುಕ್ಕಿಯ ಸಿಹಿನೀರಿನ ತೊರಕೆ ಮೀನಿನ ವಿಡಿಯೋ ನೋಡಿ, ಮನೆಯಲ್ಲೂ ಒಂದು ಸಾಕೋಣ ಅನ್ನುವವರು ಇದ್ದಾರೆ. ಸಾಕಿ, ಆದರೆ ಮೀನಿಗಿಂತ ಮೊದಲು ನೀರು ನೋಡಿ ಅನ್ನುತ್ತೇವೆ ನಾವು.

ಇದು ಬ್ರೆಜಿಲಿನ ಶಿಂಗು ನದಿಯ ಮೀನು. ಅಲ್ಲಿನ ನೀರು ಬೆಚ್ಚಗೆ, ತಿಳಿ, ಲವಣ ತೀರಾ ಕಡಿಮೆ. ನಮ್ಮ ಎಷ್ಟೋ ಬೋರ್‌ವೆಲ್‌ಗಳ ನೀರು ಪಾತ್ರೆಗೇ ಬಿಳಿ ಪದರ ಕಟ್ಟುವಂಥದ್ದು.

ಅದಕ್ಕಿಂತ ದೊಡ್ಡ ಶತ್ರು ಅಮೋನಿಯ. ತೊರಕೆ ಹೊಟ್ಟೆಬಾಕ, ಸೀಗಡಿ, ಹುಳು ತಿಂದಷ್ಟೂ ಅಮೋನಿಯ ಬಿಡುತ್ತದೆ. ಫಿಲ್ಟರ್ ಅಂದರೆ ಬರೀ ಕಸ ಹಿಡಿಯುವ ಜರಡಿಯಲ್ಲ. ಅದರ ಸ್ಪಂಜಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷವೇ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದಂತೆ, ಹಳೇ ತೊಟ್ಟಿಯ ಸ್ಪಂಜು ಇಟ್ಟರೆ ಬೇಗ. ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲಿ ಮಾತ್ರ ಸ್ಪಂಜು ತೊಳೆಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಕೊನೆಗೆ ಉಳಿಯುವ ನೈಟ್ರೇಟ್ ಹೋಗಬೇಕಾದರೆ ವಾರವಾರ ನೀರು ಬದಲಿಸಬೇಕು. ಬೇಸಿಗೆಯಲ್ಲಿ, ಕುಡಿಯಲು ಟ್ಯಾಂಕರ್ ಕಾಯುವ ಊರಲ್ಲಿ, ಇದನ್ನು ಹೇಳಲು ನಮಗೇ ಮುಜುಗರ.

ಇನ್ನು ಕರೆಂಟು. ಪಂಪು ನಿಂತರೆ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಉಸಿರು ಕಟ್ಟುತ್ತದೆ. ಬ್ಯಾಟರಿ ಏರ್‌ಪಂಪು ಇಲ್ಲದ ಮನೆಗೆ ಸದ್ಯಕ್ಕೆ ಗಪ್ಪಿಯೇ ಸರಿ. ಬಾಲದ ವಿಷಮುಳ್ಳಿನ ಮಾತು ಇನ್ನೊಮ್ಮೆ.