ಎರಡು ದಿನದ ಜ್ವರಕ್ಕೆ ಸಾಕ್ಷಿ ಏಕೆ?



ಒಂದೆರಡು ದಿನ ಜ್ವರವೋ ಭೇದಿಯೋ ಬಂದು ಮನೆಯಲ್ಲಿ ಮಲಗಿದ ನೌಕರ, ವೈದ್ಯರ ಚೀಟಿ ತಂದೇ ಅದನ್ನು ಸಾಬೀತುಪಡಿಸಬೇಕೆ? ಇದು ಸರ್ಕಾರಿ ಕಚೇರಿ, ಕಾರ್ಖಾನೆಗಳ ಪ್ರಶ್ನೆ ಮಾತ್ರವಲ್ಲ. ನಮ್ಮ ಮಠಗಳು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲೂ ಬಹಳ ಜನ ಸಂಬಳಕ್ಕೆ ದುಡಿಯುತ್ತಾರೆ. ಆದ್ದರಿಂದ ಇಲ್ಲಿ ಎತ್ತುತ್ತಿದ್ದೇನೆ.

ರಾಜ್ಯ ಸರ್ಕಾರಿ ನೌಕರನಿಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಅದನ್ನೇ ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಆಗ ಒಂದು ದಿನಕ್ಕೆ ಎರಡು ದಿನ ಕಳೆಯುತ್ತಾರೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೌಕರರಿಗೆ 1961ರ ಕರ್ನಾಟಕ ಕಾಯ್ದೆ ಕಾಯಿಲೆ, ಅಪಘಾತ ಮುಂತಾದ ಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆ ಕೊಟ್ಟಿದೆ. ಇಎಸ್‌ಐ ಕಾರ್ಮಿಕನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ಸಂಬಳದ ಶೇ. 70ರಷ್ಟು ಸಿಗುತ್ತದೆ; ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಏನೂ ಇಲ್ಲ.

ನಾನು ಸೇವೆಯಲ್ಲಿದ್ದಾಗ ರಜೆ ಅರ್ಜಿಗಳು ನನ್ನ ಮೇಜಿಗೇ ಬರುತ್ತಿದ್ದವು. ಕಾಲುವೆಯ ಗ್ಯಾಂಗ್‌ಮನ್ ಒಬ್ಬ ಜ್ವರದಲ್ಲೇ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು ಚೀಟಿ ತರುತ್ತಿದ್ದ. ಮದುವೆಗೆ ಹೋಗಿ ಬಂದವನೂ ಹಣ ಕೊಟ್ಟು ಅಂಥದ್ದೇ ಚೀಟಿ ತರುತ್ತಿದ್ದ. ಎರಡರಲ್ಲೂ ಬರೆದಿರುತ್ತಿದ್ದುದು ‘ವೈರಲ್ ಜ್ವರ’. ನಾವು ಕಾಂಕ್ರೀಟ್ ಕ್ಯೂಬನ್ನು ಯಂತ್ರದಲ್ಲಿಟ್ಟು ಒಡೆದು ನೋಡುವುದು, ಗಟ್ಟಿಯದು ಯಾವುದು, ಟೊಳ್ಳು ಯಾವುದು ಎಂದು ತಿಳಿಯಲಿಕ್ಕೆ. ಎಲ್ಲವನ್ನೂ ಪಾಸು ಮಾಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ನಿನ್ನೆ ಬಂದು ಇಂದು ಇಳಿದ ಜ್ವರವನ್ನು ವೈದ್ಯರಾದರೂ ಹೇಗೆ ಕಂಡಾರು? ರೋಗಿ ಹೇಳಿದ್ದನ್ನೇ ಬರೆದು ಮೊಹರು ಹಾಕುತ್ತಾರೆ. ಆ ಮಾತನ್ನು ನಾವು ನೇರವಾಗಿ ನಂಬುವುದಿಲ್ಲ, ಮೊಹರಿನ ಮೂಲಕ ನಂಬುತ್ತೇವೆ. ಅಷ್ಟರಲ್ಲಿ ಬಡವನ ದುಡ್ಡು, ವೈದ್ಯರ ಸಮಯ ಎರಡೂ ಹಾಳು. ಚೀಟಿಯ ತಾಪತ್ರಯವೇ ಬೇಡವೆಂದು ಕೆಮ್ಮುತ್ತಲೇ ತರಗತಿಗೆ ಬರುವ ಶಿಕ್ಷಕರಿಂದ ಮಕ್ಕಳಿಗೂ ಸೋಂಕು.

‘ನಂಬಿದರೆ ದುರುಪಯೋಗ ಮಾಡುತ್ತಾರೆ’ ಎನ್ನುವವರಿದ್ದಾರೆ. ಮಾಡುವವರು ಇದ್ದೇ ಇರುತ್ತಾರೆ. ಅವರನ್ನು ಈಗಿನ ಚೀಟಿಯೂ ತಡೆದಿಲ್ಲ. ಪ್ರತಿ ಸೋಮವಾರ ಕಾಯಿಲೆ ಬೀಳುವವನು ಯಾರೆಂದು ಹಾಜರಿ ಪುಸ್ತಕವೇ ಹೇಳುತ್ತದೆ. ಅವನನ್ನು ಕರೆದು ಕೇಳುವುದು ಮೇಲಧಿಕಾರಿಯ ಕೆಲಸ. ಅದನ್ನು ವೈದ್ಯರ ತಲೆಗೆ ಕಟ್ಟುವುದು ಸರಿಯಲ್ಲ.

ಬ್ರಿಟನ್ನಿನಲ್ಲಿ ಮೊದಲ 7 ದಿನಗಳ ಕಾಯಿಲೆಗೆ ನೌಕರನ ಸ್ವಂತ ಹೇಳಿಕೆಯೇ ಸಾಕು. ಅದಕ್ಕೂ ಮೀರಿದರೆ ಮಾತ್ರ ವೈದ್ಯರ ಪತ್ರ. ನಾವು ಅಷ್ಟು ದೂರ ಹೋಗಬೇಕಿಲ್ಲ. ಮೂರು ದಿನದವರೆಗೆ ನೌಕರ ತಾನೇ ಬರೆದುಕೊಟ್ಟ ಹೇಳಿಕೆಯನ್ನು ಒಪ್ಪೋಣ. ನಾಲ್ಕನೆಯ ದಿನದಿಂದ ಪ್ರಮಾಣಪತ್ರ ಕೇಳೋಣ. ವರ್ಷಕ್ಕೆ ಇಷ್ಟು ಸಲ ಎಂಬ ಮಿತಿ ಇರಲಿ. ಸುಳ್ಳೆಂದು ತಿಳಿದುಬಂದರೆ ಶಿಸ್ತುಕ್ರಮವೂ ಇರಲಿ.

ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳು ತಮ್ಮ ಕೈಯಲ್ಲಿರುವ ನಿಯಮಗಳನ್ನು ಮುಂದಿನ ಸಭೆಯಲ್ಲೇ ತಿದ್ದಬಹುದು. ಕಾಯಕವನ್ನು ಪೂಜೆಗಿಂತ ಕಡಿಮೆಯಲ್ಲವೆಂದು ಸಾರುವ ನಾವು, ಕಾಯಕ ಮಾಡುವವರ ಮಾತಿಗೆ ಮೂರು ದಿನದ ಬೆಲೆಯನ್ನಾದರೂ ಕೊಡಬೇಡವೇ? ಪೂಜ್ಯರೂ ಆಡಳಿತಗಾರರೂ ಯೋಚಿಸಬೇಕೆಂದು ವಿನಂತಿಸುತ್ತೇನೆ.